ಎನ್ಸೋನ ಕೈಗುಣ

ಗ್ಲೆನಿಸ್ ಆ ಒಂದು ಮಾತು ಆಡದೇ ಇದ್ದಿದ್ದರೆ ಆ ಶನಿವಾರ ಯಾರಿಗೂ ಏನೂ ಆಗುತ್ತಿರಲಿಲ್ಲ. ಆಡಿದ್ದಾದರೂ ಏನು? ಬೆಳಿಗ್ಗೆ ಗಂಡನಿಗೆ ಟೀ ಕೊಡಲು ಶೆಡ್ಡಿಗೆ ಬಂದವಳು, ಓಡುತ್ತಿದ್ದ ಇಂಜಿನ್ ಕಡೆ ಕಿವಿ ಕೊಟ್ಟು, "ನೆವ್, ಅದೇನು ಟಿಕ್ ಟಿಕ್ ಅಂತಿರೋದು?" ಅಂದಳು. ಅಂದವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ನೆವಿಲ್ ಪ್ರಿಚರ್ಡನ ಕೈಯಲ್ಲಿದ್ದ ಟೀ ಅಲ್ಲೇ ಆರಿಹೋಯಿತು.

ಅರವತ್ನಾಲ್ಕನೇ ಇಸವಿಯ ಹೋಲ್ಡನ್ ಕಾರು ಅದು. ಹೊರಗಿನಿಂದ ನೋಡಿದರೆ ನಮ್ಮ ಕುರಾಬಿನ್ ಊರಿನಲ್ಲಿ ಅಂಥವು ಇನ್ನೂ ಮೂರ್ನಾಲ್ಕು ಸಿಗುತ್ತವೆ. ಬಾನೆಟ್ ಎತ್ತಿದರೆ ಮಾತ್ರ ಬೇರೆ ಮಾತು. ಚಳಿಗಾಲವಿಡೀ ನೆವ್ ಆ ಇಂಜಿನ್ನಿಗೆ ಮದುಮಗಳಿಗೆ ಮಾಡುವ ಹಾಗೆ ಸಿಂಗಾರ ಮಾಡಿದ್ದ. ಬ್ಲಾಕಿಗೆ ಕೆಂಪು ಬಣ್ಣ, ಮೇಲಿನ ಮುಚ್ಚಳಕ್ಕೆ ಕ್ರೋಮು, ಪೆಟ್ರೋಲಿಗೆ ತಾಮ್ರದ ಪೈಪು. ಕ್ಲಿಪ್ಪುಗಳ ತಿರುಪೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರಬೇಕೆಂದು ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಗಿತ್ತು. ತನ್ನ ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲದ ಮನುಷ್ಯ ಪ್ಲಗ್ಗಿನ ವೈರುಗಳನ್ನು ಬಾಚಿ ಕೂರಿಸಿದ್ದ.

ಇಷ್ಟಕ್ಕೂ ಕಾರಣ ಶೆಡ್ಡು. ಗ್ಲೆನಿಸಳ ಕುಂಬಾರಿಕೆಯ ಚಕ್ರ, ಮಣ್ಣಿನ ಚೀಲ, ಒಣಗದ ಹೂಜಿಗಳೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ತುಂಬಿಕೊಂಡಿದ್ದವು. ನೆವ್‌ನ ಅಂಗಿಯಲ್ಲಿ ಜೇಡಿಮಣ್ಣು, ಅವಳ ಹೂಜಿಯಲ್ಲಿ ಸೋಪಿನ ನೊರೆ. ಕೊನೆಗೆ ಗ್ಲೆನಿಸಳೇ ನ್ಯಾಯ ಹೇಳಿದ್ದಳು: "ಈ ಸಲ ಹಳೇ ಕಾರುಗಳ ಮೇಳದಲ್ಲಿ ನಿನ್ನ ಇಂಜಿನ್ನಿಗೆ ಕಪ್ ಬಂದ್ರೆ ಶೆಡ್ ಕಾರಿಗೇ ಇರ್ಲಿ, ನಾನು ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ಲ ಅಂದ್ರೆ ಕಾರು ಹೊರಗೆ, ಚಕ್ರ ಒಳಗೆ." ಹೊರಗೆ ಅಂದರೆ ನಮ್ಮೂರ ಬಿಸಿಲು, ಅದರ ಮೇಲೆ ಕಾಕಟೂ ಗಿಳಿಗಳ ಹಿಕ್ಕೆ.

ಮೇಳ ಅವತ್ತೇ ಮಧ್ಯಾಹ್ನ. ಈಗ ನೋಡಿದರೆ ಟಿಕ್.

ಅವಳು ಹೇಳಿದ ಮೇಲೆ ನೆವ್‌ಗೂ ಕೇಳಿಸತೊಡಗಿತು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಡಾಕ್ಟರನ ಹಾಗೆ ಬಗ್ಗಿ ನಿಂತ. ಅಷ್ಟರಲ್ಲಿ ಎಡಗಡೆ ಮನೆಯ ಡೆಸ್ ಮಲಿನ್ಸ್ ಹಾಜರಾದ. ಹೊಲಗಳ ಗಾಳಿಯಂತ್ರ ರಿಪೇರಿ ಮಾಡಿ ವಯಸ್ಸಾದವನು. ಬಾನೆಟ್ ಎತ್ತಿದ ಸದ್ದು ಅವನಿಗೆ ಊಟದ ಗಂಟೆ ಇದ್ದಂತೆ.

"ವಾಲ್ವ್ ಸಡಿಲ ಆಗಿದೆ ಮಾರಾಯ," ಅಂದ ಡೆಸ್, ನೋಡುವ ಮೊದಲೇ.

ಕ್ರೋಮಿನ ಮುಚ್ಚಳ ಬಿಚ್ಚಿ ವಾಲ್ವುಗಳನ್ನೆಲ್ಲ ಬಿಗಿ ಮಾಡಿದರು. ಟಿಕ್ ಹೋಗಲಿಲ್ಲ. ನೆವ್ ಆಕ್ಸಿಲರೇಟರ್ ಒತ್ತಿ ನೋಡಿದ.

"ವಿಚಿತ್ರ ಕಣೋ. ಇಂಜಿನ್ ಜೋರಾದ್ರೂ ಇದರ ತಾಳ ಅಷ್ಟೇ ಇದೆ."

"ಹಠ ಅದು. ನನ್ನ ಮೊದಲನೇ ಹೆಂಡ್ತೀನೂ ಹಂಗೇ ಇದ್ಳು."

ಇಂಜಿನ್ ಆರಿಸಿದ ಕ್ಷಣವೇ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಮಾತು ಮುಗಿಯುವ ಮುಂಚೆ ಮತ್ತೆ ಇಂಜಿನ್ ಹಚ್ಚುತ್ತಿದ್ದರು. ಹೀಗಾಗಿ ಬೆಳಗಿನಿಂದ ಆ ಶೆಡ್ಡಿನಲ್ಲಿ ಒಂದು ಗಳಿಗೆಯೂ ನಿಶ್ಶಬ್ದವಾಗಿರಲಿಲ್ಲ. ಇವರ ಗಲಾಟೆ ಕೇಳಿ ಬಲಗಡೆ ಮನೆಯ ಎನ್ಸೋ ಫಾಬ್ರಿ ಹೊರಟ. ಅವನ ಮೇಕೆ ತನ್ನ ಬೀನ್ಸ್ ಬಳ್ಳಿ ತಿಂದಿತೆಂದು ಗ್ಲೆನಿಸ್ ರಂಪ ಮಾಡಿದ್ದಕ್ಕೆ, ಹಿಂದಿನ ಸಂಜೆಯಷ್ಟೇ ಅವನು ಬೇಲಿಗೆ ಕರೆಂಟಿನ ತಂತಿ ಎಳೆಸಿದ್ದ. ಅದನ್ನು ಆರಿಸಿ, ಲುಂಗಿಯಲ್ಲದ ಪ್ಯಾಂಟನ್ನೂ ಲುಂಗಿಯ ಹಾಗೆ ಎತ್ತಿ ಹಿಡಿದು, ದಾಟಿ ಬಂದ.

ಎನ್ಸೋ ಬೇಕರಿ ಇಟ್ಟುಕೊಂಡಿದ್ದವನು. ಇಂಜಿನ್ನಿಗೂ ಅವನಿಗೂ ಇದ್ದ ನಂಟು ಇಷ್ಟೇ: ಅವನ ಸೋದರಮಾವ ಇಟಲಿಯಲ್ಲಿ ಒಂದು ಕಾರು ಕಾರ್ಖಾನೆಯ ಗೇಟು ಕಾಯುತ್ತಿದ್ದ.

"ನಮ್ಮ ಮಾವ ಹೇಳ್ತಿದ್ರು, ಎಲ್ಲ ಕಿಡಿಯಲ್ಲೇ ಇರೋದು ಅಂತ," ಎನ್ನುತ್ತ ಎನ್ಸೋ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿ, ಹಿಟ್ಟಿನ ಉಂಡೆಯನ್ನು ತಿರುವಿದಂತೆ ಒಂಚೂರು ತಿರುವಿದ.

ಮೂವರೂ ಕಿವಿಗೊಟ್ಟರು. ಟಿಕ್ ಇಲ್ಲ.

"ಆಹಾ," ಅಂದ ನೆವ್. "ಇದಪ್ಪಾ ಕೈಗುಣ ಅಂದ್ರೆ."

ಡೆಸ್ ಮುಖ ಸಿಂಡರಿಸಿಕೊಂಡ. ಎನ್ಸೋ ತನ್ನ ಕೈಗಳನ್ನು ತಾನೇ ಹೊಸದಾಗಿ ನೋಡಿಕೊಂಡು, ಒಲೆಯ ಮೇಲೆ ಸಾಸ್ ಇದೆಯೆಂದು ಮನೆಗೆ ಹೋದ. ಅವನು ಹೋಗಿ ಎರಡು ನಿಮಿಷವಾಗಿಲ್ಲ, ಟಿಕ್ ಮತ್ತೆ ಬಂತು. ನೆವ್ ಬೇಲಿಯತ್ತ ಕೂಗಿದ. ಎನ್ಸೋ ಸೌಟು ಹಿಡಿದೇ ಬಂದು ಇನ್ನೊಂದಿಷ್ಟು ತಿರುವಿದ. ಟಿಕ್ ನಿಂತಿತು. ಆದರೆ ಈ ಸಲ ಇಂಜಿನ್ ಮುದುಕನ ಹಾಗೆ ಕೆಮ್ಮಿ, ಢಂ ಎಂದು ಹಿಂದಿನ ಕೊಳವೆಯಿಂದ ಮಸಿ ಉಗುಳಿತು. ಹಗ್ಗದ ಮೇಲೆ ಗ್ಲೆನಿಸ್ ಆಗತಾನೇ ಹರವಿದ್ದ ಬಿಳಿ ದುಪ್ಪಟಿಗಳು ಅದನ್ನು ಸ್ವೀಕರಿಸಿದವು.

ಗ್ಲೆನಿಸ್ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. ಟೇಪು ಹಿಡಿದು ಶೆಡ್ಡಿನ ಅಗಲ ಅಳೆದುಕೊಂಡು ಹೋದಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

"ಎನ್ಸೋ, ನೀನು ಇಲ್ಲೇ ಕೂತ್ಕೋ. ಮನೆಗೂ ಹೋಗ್ಬೇಡ, ಏನನ್ನೂ ಮುಟ್ಟಲೂ ಬೇಡ," ಅಂದ ನೆವ್. "ಡೆಸ್, ನೀನೂ ಅಷ್ಟೇ."

ಇಬ್ಬರನ್ನೂ ಪೇಂಟಿನ ಡಬ್ಬಿಗಳ ಮೇಲೆ ಕೂರಿಸಿ, ಒಬ್ಬನೇ ಮೊದಲಿಂದ ಶುರು ಮಾಡಿದ. ಪ್ಲಗ್ಗು ಉಜ್ಜಿದ, ಕಿಡಿ ಹೊಂದಿಸಿದ, ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿದ. ಟಿಕ್ ಎಲ್ಲಿ ಮರಳಿ ಬಂದೀತೋ ಎಂಬ ಭಯದಲ್ಲಿ ಜನ್ಮದಲ್ಲೇ ಕೇಳದಷ್ಟು ಗಮನವಿಟ್ಟು ಕೇಳಿದ. ಕೊನೆಗೆ ಆ ಇಂಜಿನ್ ಎಷ್ಟು ನಯವಾಗಿ ಓಡಿತೆಂದರೆ, ಮುಚ್ಚಳದ ಮೇಲೆ ಅಂಚೂರಿ ನಿಲ್ಲಿಸಿದ ನಾಣ್ಯ ಅಲುಗಲಿಲ್ಲ. ಅಂಗೈ ಇಟ್ಟು ನೋಡಿದರಷ್ಟೇ ಓಡುತ್ತಿದೆಯೆಂದು ತಿಳಿಯುತ್ತಿತ್ತು. ಡೆಸ್ ಕೂಡ ಟೋಪಿ ತೆಗೆದ.

ಮೇಳ ಫುಟ್ಬಾಲ್ ಮೈದಾನದಲ್ಲಿ. ಬ್ಯಾಂಡಿನವರು ಜೋರಾಗಿ ಊದುತ್ತಿದ್ದರು, ಸಾಸೇಜ್ ಸುಡುವ ಹೊಗೆ ಎಲ್ಲರ ಕಣ್ಣಲ್ಲೂ ಇತ್ತು. ಎನ್ಸೋನನ್ನು ನೆವ್ ಜೊತೆಗೇ ಕರೆತಂದಿದ್ದ, ಯಾವುದಕ್ಕೂ ಇರಲಿ ಎಂದು. ಡೆಸ್ ತನ್ನ ಗಾಡಿಯಲ್ಲಿ ಹಿಂದೆಯೇ ಬಂದಿದ್ದ. ತೀರ್ಪುಗಾರ್ತಿ ಮಿಸೆಸ್ ಲಾಮಂಟ್ ಬಿಳಿ ಕೈಗವಸು ತೊಟ್ಟು ಬಂದು, ತಾಮ್ರದ ಪೈಪಿನ ಮೇಲೆ ಬೆರಳೆಳೆದು ನೋಡಿದರು. ಬೆರಳು ಬಿಳಿಯಾಗಿಯೇ ಇತ್ತು. ಇಂಜಿನ್ ಹಚ್ಚಿಸಿ ನಾಣ್ಯ ನಿಲ್ಲಿಸಿದರು. ನಾಣ್ಯ ನಿಂತಿತು.

"ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ ಮಿಸ್ಟರ್ ಪ್ರಿಚರ್ಡ್. ಇಂಥದ್ದು ನೋಡಿರ್ಲಿಲ್ಲ," ಅಂದರು. "ಇನ್ನು ಆರಿಸಬಹುದು. ಹೆಸರು ಕರೆದಾಗ ಕಾರನ್ನ ವೇದಿಕೆ ತನಕ ಓಡಿಸ್ಕೊಂಡು ಬರ್ಬೇಕು. ನಿಯಮ ಗೊತ್ತಲ್ಲ, ತಾನಾಗಿ ಬಾರದ ಕಾರಿಗೆ ಕಪ್ ಇಲ್ಲ."

"ಡೆಸ್, ಆರಿಸು," ಎಂದು ಹೇಳಿ ನೆವ್ ಅವರನ್ನು ಬೀಳ್ಕೊಡಲು ನಾಲ್ಕು ಹೆಜ್ಜೆ ಹೋದ. ಡೆಸ್ ಆರಿಸಲು ಹೊರಟಿದ್ದು ನಿಜ. ಆದರೆ ಅಷ್ಟರಲ್ಲಿ ಎನ್ಸೋ ಇದೆಲ್ಲ ತನ್ನ ಕೈಗುಣವೆಂದು ಪಕ್ಕದವರಿಗೆ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು. ಸುಮ್ಮನಿರಲಾದೀತೇ? ವಾದಕ್ಕೆ ಹೋದ, ಕೀಲಿ ಮರೆತ.

ಇಂಜಿನ್ ತನ್ನ ಪಾಡಿಗೆ ಸದ್ದಿಲ್ಲದೆ ಓಡುತ್ತಲೇ ಇತ್ತು.

ಧ್ವನಿವರ್ಧಕದಲ್ಲಿ ನೆವಿಲ್ ಪ್ರಿಚರ್ಡ್ ಹೆಸರು ಬಂತು. ನೆವ್ ಜನರ ನಡುವೆ ನುಗ್ಗಿ ಬಂದು ಸೀಟಿನಲ್ಲಿ ಕೂತ. ಎದುರಿಗೆ ಎತ್ತಿದ್ದ ಬಾನೆಟ್, ಹೊರಗೆ ಬ್ಯಾಂಡು, ಒಳಗೆ ಡವಗುಟ್ಟುವ ಎದೆ. ಕೀಲಿ ತಿರುಗಿಸಿದ. ಕರ್ರ್ ಎಂದು, ಹಲ್ಲಿನಿಂದ ತಗಡು ಕಚ್ಚಿದಂಥ ಸದ್ದು ಬಂತು. ಸ್ಟಾರ್ಟ್ ಆಗಲಿಲ್ಲವೆಂದುಕೊಂಡು ಇನ್ನೂ ಗಟ್ಟಿಯಾಗಿ, ಇನ್ನೂ ಹೆಚ್ಚು ಹೊತ್ತು ತಿರುಗಿಸಿದ. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಒಳಗೆ ಏನೋ ಪಟ್ಟೆಂದು ಮುರಿಯಿತು, ಇಂಜಿನ್ ಗಕ್ಕೆಂದು ನಿಂತಿತು.

"ಓಡ್ತಿತ್ತಲ್ಲೋ," ಅಂದ ಡೆಸ್ ಸಣ್ಣಗೆ.

ಸ್ಟಾರ್ಟರಿನ ಹಲ್ಲು ಮುರಿದು ಇಂಜಿನ್ನಿನ ಹಲ್ಲುಚಕ್ರಕ್ಕೆ ಕಚ್ಚಿಕೊಂಡಿತ್ತು. ತಳ್ಳಿ ಹಚ್ಚಲು ಹೋದರೂ ಆಗಲಿಲ್ಲ. ಮಿಸೆಸ್ ಲಾಮಂಟ್ ಕೈಗವಸು ಬಿಚ್ಚಿ, ನಿಜವಾಗಿಯೂ ನೊಂದುಕೊಂಡು, ಕಪ್ಪನ್ನು ಎರಡನೆಯವನಿಗೆ ಕೊಟ್ಟರು. ಹೊಳೆಯುವ ಇಂಜಿನ್ನಿನ ಕಾರು ಡೆಸ್‌ನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರೊಳಗಿಂದ ಬಂತು. ಎನ್ಸೋ ದಾರಿಯುದ್ದಕ್ಕೂ ಸಮಾಧಾನ ಹೇಳಿದ, "ಆದ್ರೂ ಆ ಟಿಕ್ ಬರ್ಲಿಲ್ಲ ನೋಡು."

ಗ್ಲೆನಿಸ್ ಆಡಿಕೊಳ್ಳಲಿಲ್ಲ. "ಪಾಪ, ಎಷ್ಟು ಕಷ್ಟಪಟ್ಟಿದ್ದೆ," ಎಂದು ಬೆನ್ನು ಸವರಿದಳು. ಸವರಿದ ಕೈಯಿಂದಲೇ ಸಂಜೆಯೊಳಗೆ ಚಕ್ರ, ಚೀಲ, ಹೂಜಿಗಳನ್ನು ಶೆಡ್ಡಿಗೆ ಸಾಗಿಸಿದಳು. ಕಾರು ಬೇಲಿಯ ಪಕ್ಕದ ಬಯಲಿಗೆ ಹೋಯಿತು. ನೆವ್ ಅದರ ಮೇಲೆ ಟಾರ್ಪಾಲು ಹೊದಿಸಿದ. ಎನ್ಸೋ ತನ್ನ ಮನೆಗೆ ಹೋದ.

"ನೆವ್, ಸ್ವಲ್ಪ ಬಾ ಇಲ್ಲಿ," ಶೆಡ್ಡಿನೊಳಗಿಂದ ಗ್ಲೆನಿಸ್ ಕರೆದಳು. "ಆ ಟಿಕ್ ಟಿಕ್ ಇನ್ನೂ ಇದೆಯಲ್ಲ."

ನೆವ್ ಒಳಗೆ ಬಂದು ನಿಂತ. ಕಾರಿಲ್ಲ, ಇಂಜಿನ್ನಿಲ್ಲ, ಅವತ್ತು ಮೊದಲ ಸಲ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಟಿಕ್. ಸ್ವಲ್ಪ ತಡೆದು, ಟಿಕ್. ಹಿಂದಿನ ಗೋಡೆಯ ಕಡೆಯಿಂದ ಬರುತ್ತಿತ್ತು. ನೆವ್ ಕಿಟಕಿಯಲ್ಲಿ ಇಣುಕಿದ. ಎನ್ಸೋ ಒಂದು ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಬೇಲಿಗೆ ಬಂದ. ಇನ್ನೊಂದು ಕೈಯಿಂದ, ಕಂಬಕ್ಕೆ ಹೊಡೆದಿದ್ದ ಪೆಟ್ಟಿಗೆಯ ಗುಂಡಿ ಒತ್ತಿ ತಂತಿಯ ಕರೆಂಟು ಆರಿಸಿದ. ಟಿಕ್ ನಿಂತಿತು. ಅವನು ತಂತಿ ದಾಟಿ ಒಳಗೆ ಬಂದ.

"ನೋಡಿದ್ಯಾ," ಅಂದಳು ಗ್ಲೆನಿಸ್, "ಎನ್ಸೋ ಕಾಲಿಟ್ಟ ತಕ್ಷಣ ನಿಂತೋಯ್ತು. ನೀನೇನೇ ಹೇಳು, ಅವನ ಕೈಗುಣವೇ ಬೇರೆ."

"ಎಲ್ಲ ನಮ್ಮ ಮಾವನ ಆಶೀರ್ವಾದ," ಎಂದು ಎನ್ಸೋ ತಟ್ಟೆ ಚಾಚಿದ.

ನೆವ್ ಬಾಯಿ ತೆರೆದ, ಅದರೊಳಗೆ ಒಂದು ಬಿಸ್ಕತ್ತು ಇಟ್ಟುಕೊಂಡ. ಹೊರಗೆ ಕರೆಂಟಿಲ್ಲದ ತಂತಿ ದಾಟಿ ಬಂದ ಮೇಕೆ, ಟಾರ್ಪಾಲಿನ ಅಡಿಗೆ ತಲೆ ತೂರಿಸಿ ಕಾರಿನ ವೈಪರಿನ ರಬ್ಬರು ತಿನ್ನುತ್ತಿತ್ತು.