ಬಿಡಿ ಅಂದಿದ್ದಕ್ಕೆ

ಗೇಟಿನ ಪಕ್ಕದ ನಲ್ಲಿ ಸೋರಲು ಶುರುವಾಗಿ ತಿಂಗಳ ಮೇಲಾಗಿತ್ತು. ಮನೆಯ ಯಜಮಾನ ಅದನ್ನು ದಿನಾ ನೋಡುತ್ತಿದ್ದ. ನೋಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ. ಕಂಡಕಂಡವರ ಒತ್ತಕ್ಷರ, ದೀರ್ಘಗಳನ್ನೆಲ್ಲ ಸರಿಪಡಿಸಿ ಭಾಷೆಯನ್ನು ಕಾಪಾಡುತ್ತಿದ್ದ. ಬೀದಿಯ ಅಂಗಡಿ ಬೋರ್ಡುಗಳನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಜನ ಅವನಿಗೆ ಪ್ರೀತಿಯಿಂದ ‘ಕರಡಿ’ ಎಂದು ಹೆಸರಿಟ್ಟಿದ್ದರು.

ಆ ರಜಾದಿನ ಬೆಳಿಗ್ಗೆ ಹೆಂಡತಿ ಪೊರಕೆ ಹಿಡಿದುಕೊಂಡೇ ಸುದ್ದಿ ಹೇಳಿದಳು.

“ರೀ, ಸಾಯಂಕಾಲ ನನ್ನ ತಮ್ಮ ಬಂದು ನಲ್ಲಿ ರಿಪೇರಿ ಮಾಡ್ಕೊಡ್ತಾನಂತೆ. ಪಾಪ, ಅವನಿಗೂ ಆ ರೂಮಿನ ಓನರ್ ಕಾಟ. ನಿಮ್ಮನ್ನ ಏನೋ ಕೇಳ್ಬೇಕಂತೆ...”

ಮುಂದಿನದು ಕರಡಿಯ ಕಿವಿಗೆ ಬೀಳಲಿಲ್ಲ. ಭಾವಮೈದ ಹೋದ ಸಲ ಬಲ್ಬು ಬದಲಾಯಿಸಲು ಬಂದವನು, ತಾನು ಹಾಕಿದ ಬಲ್ಬು ಸುಟ್ಟುಹೋಗಿ ಮತ್ತೊಂದು ಹಾಕುವವರೆಗೂ ಇದ್ದ. ಅಷ್ಟು ದಿನವೂ ಆರಾಮಕುರ್ಚಿ, ಬೆಳಗಿನ ಪೇಪರು, ಬಿಸಿನೀರು ಎಲ್ಲ ಅವನ ಪಾಲಾಗಿದ್ದವು.

“ಒಂದು ವಾಷರ್ ಹಾಕೋಕೆ ಅವನ್ಯಾಕೆ? ನಾನೇ ಹಾಕ್ತೀನಿ!”

ಹೆಂಡತಿ ಒಳಗೆ ಹೋಗಿ ನೆಲ ಒರೆಸುವ ಬಟ್ಟೆಗಳನ್ನು ಒಟ್ಟುಮಾಡತೊಡಗಿದಳು.

ವಾಷರ್ ಅಂಗಡಿಯಿಂದ ಬಂತು. ಸ್ಪ್ಯಾನರ್ ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರಿಂದ ಬಂತು. ಅದರ ಹಿಂದೆ ಗಾರ್ಡ್ ಸಾಹೇಬರೂ ಬಂದರು. ಎರಡನ್ನೂ ಬಿಡಿಬಿಡಿಯಾಗಿ ಕೊಡುವ ಪದ್ಧತಿ ಅವರಲ್ಲಿರಲಿಲ್ಲ.

“ಹಿತ್ತಿಲ ಟ್ಯಾಂಕಿನ ಹತ್ರ ನಿಂತು ವಾಲ್ ನಾನು ನೋಡ್ಕೋತೀನಿ ಸಾರ್. ನೀವು ಹೇಳಿದ ಹಾಗೆ ಮಾಡೋದು ನನ್ನ ಜವಾಬ್ದಾರಿ. ಸರ್ವಿಸ್ ಪೂರ್ತಿ ಒಂದು ಸಿಗ್ನಲ್ ತಪ್ಪಿಲ್ಲ,” ಎಂದು ಹೋಗಿ ವಾಲ್ ಬಂದ್ ಮಾಡಿದರು.

ನೀರು ನಿಂತಿತು. ಕರಡಿ ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರನ್ನು ಕಿತ್ತು, ಮುದ್ರಣದೋಷ ಸಿಕ್ಕಿದಷ್ಟೇ ಖುಷಿಯಿಂದ ಎತ್ತಿ ನೋಡಿದ. ಆಗ ಹಿತ್ತಿಲಿನಿಂದ ಕೂಗು ಬಂತು.

“ಇನ್ನೂ ಸ್ವಲ್ಪ ಬಿಗಿ ಮಾಡ್ಲಾ ಸಾರ್?”

“ಸಾಕು, ಬಿಡಿ!”

ಬಿಡಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹಸಿರು ಬಾವುಟ ಬೀಸಿ ಗಾಡಿ ಬಿಟ್ಟವರು ಅವರು. ಈಗಲೂ ಬಿಟ್ಟರು.

ತಲೆಯಿಲ್ಲದ ನಲ್ಲಿಯಿಂದ ನೀರು ಚಿಮ್ಮಿ ಕರಡಿಯ ಮುಖಕ್ಕೆ ಬಡಿಯಿತು. ಕನ್ನಡಕ ಹಾರಿ ಹೂಕುಂಡದಲ್ಲಿ ಬಿತ್ತು. ಎರಡೂ ಅಂಗೈ ಒತ್ತಿಹಿಡಿದು ಅರಚಿದ.

“ಅಯ್ಯೋ! ಬಿಡಿ ಅಂದ್ರೆ ಬಿಡೋದಲ್ಲ, ಬಿಡಿ ಅಂತ!”

“ಬಿಟ್ಟಿದೀನಲ್ಲ ಸಾರ್! ಪೂರ್ತಿ ಬಿಡ್ಲಾ?”

ಇಂಥ ಸುಮುಹೂರ್ತದಲ್ಲಿ ಹೆಂಡತಿ ಫೋನು ತಂದು ಅವನ ಕಿವಿಗಿಟ್ಟಳು. “ತಮ್ಮ. ನಿಮ್ಮನ್ನೇ ಕೇಳ್ಬೇಕಂತೆ.”

ನೀರಿನ ಸದ್ದಿನಲ್ಲಿ ಅರ್ಧ ಮಾತು ಕೊಚ್ಚಿಹೋಯಿತು. ಉಳಿದದ್ದು ಇಷ್ಟು: “...ಬಿಟ್ಬಿಡ್ಲಾ ಭಾವ? ನೀವೇನಂತೀರಿ?”

ಬರುವುದನ್ನು ಬಿಡಲೇ ಎಂದು ತಾನಾಗಿ ಕೇಳುತ್ತಿದ್ದಾನೆ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

“ಬಿಟ್ಬಿಡಪ್ಪ, ಬಿಟ್ಬಿಡು!”

“ಆಮೇಲೆ ಬೇಜಾರು ಮಾಡ್ಕೊಳಲ್ಲ ತಾನೆ?”

“ಬೇಜಾರಾ? ಸಂತೋಷ ಕಣೋ!”

“ನಿಮ್ಮಂಥ ಭಾವ ಯಾರಿಗೂ ಸಿಗಲ್ಲ,” ಎಂದು ಅವನು ಫೋನಿಟ್ಟ. ಹೆಂಡತಿಯ ಕಣ್ಣಲ್ಲಿ ನೀರು. ನಲ್ಲಿಯದಿರಬೇಕು ಎಂದುಕೊಂಡ ಕರಡಿ.

ಕೊನೆಗೆ ಅವಳೇ ಹಿತ್ತಿಲಿಗೆ ಓಡಿ ವಾಲ್ ತಿರುಗಿಸಿದಳು. ಹೊಸ ವಾಷರ್ ಕೂತಿತು, ನಲ್ಲಿ ಸೋರುವುದು ನಿಂತಿತು. ‘ನಾವಿಬ್ರೂ ಸೇರಿ ರಿಪೇರಿ ಮಾಡಿದ್ವಿ’ ಎಂದು ಗಾರ್ಡ್ ಸಾಹೇಬರು ಬೀದಿಗೆಲ್ಲ ಸಾರಿದರು. ಕರಡಿ ಒಣಬಟ್ಟೆ ತೊಟ್ಟು ಆರಾಮಕುರ್ಚಿಯನ್ನು ಜಗುಲಿಗೆ ಎಳೆದುಕೊಂಡು ಕಾಲು ಚಾಚಿದ. ಬದುಕು ಇಷ್ಟು ಸೊಗಸಾಗಿದೆಯೆಂದು ಅವನಿಗೆ ಬಹಳ ದಿನದಿಂದ ಅನ್ನಿಸಿರಲಿಲ್ಲ.

ಹೊತ್ತು ಇಳಿಯುವಾಗ ಗೇಟಿನ ಮುಂದೆ ಸಾಮಾನು ಸಾಗಿಸುವ ಗಾಡಿಯೊಂದು ನಿಂತಿತು. ಅದರಲ್ಲಿ ಮಂಚ, ಹಾಸಿಗೆ, ಬಕೆಟ್ಟು, ಫ್ಯಾನು. ಎಲ್ಲದರ ಮೇಲೆ ಭಾವಮೈದ.

“ಏನೋ ಇದು? ಬರೋದು ಬಿಟ್ಬಿಡು ಅಂದಿದ್ನಲ್ಲ!”

“ಬರೋದಾ? ರೂಮು ಬಿಟ್ಬಿಡ್ಲಾ, ನಿಮ್ಮನೇಲೇ ಇದ್ಬಿಡ್ಲಾ ಅಂತ ಕೇಳಿದ್ದು ಭಾವ! ನೀವು ಸಂತೋಷ ಅಂದಿದ್ದೇ ತಡ, ಓನರ್ ಮುಖಕ್ಕೆ ಬೀಗದಕೈ ಎಸೆದು ಬಂದೆ.”

ಇಳಿಸುವಾಗ ಮಂಚದ ಕಾಲು ನಲ್ಲಿಗೆ ಬಡಿಯಿತು. ಟಪ್ ಎಂದು ಒಂದು ಹನಿ ಬಿತ್ತು. ಅದರ ಹಿಂದೆ ಇನ್ನೊಂದು.

ಕರಡಿ ಸ್ಪ್ಯಾನರ್ ಎತ್ತಿಕೊಂಡ. ಗಾರ್ಡ್ ಸಾಹೇಬರು ಕರೆಯದೇ ಬಂದು, ಹಿತ್ತಿಲಿಗೆ ಧಾವಿಸಿ ವಾಲ್ ಬಂದ್ ಮಾಡಿ ಕಿವಿ ನಿಮಿರಿಸಿ ನಿಂತರು. ಕರಡಿ ಮತ್ತೆ ನಲ್ಲಿಯ ತಲೆ ಬಿಚ್ಚಿ ಒಳಗೆ ಇಣುಕಿದ.

ಅಷ್ಟರಲ್ಲಿ ಭಾವಮೈದ ಆರಾಮಕುರ್ಚಿಯಲ್ಲಿ ಮೈಚೆಲ್ಲಿ ಕಕ್ಕುಲತೆಯಿಂದ ಕೂಗಿ ಹೇಳಿದ:

“ಅವಸರ ಏನು ಭಾವ? ಇನ್ನು ಇಲ್ಲೇ ಇರ್ತೀನಲ್ಲ, ಯಾವತ್ತಾದ್ರೂ ನಾನೇ ಮಾಡ್ತೀನಿ. ನೀವು ಬಿಡಿ!”

ಹಿತ್ತಿಲಲ್ಲಿದ್ದ ಗಾರ್ಡ್ ಸಾಹೇಬರಿಗೆ ಕೊನೆಯ ಮಾತು ಸ್ಪಷ್ಟವಾಗಿ ಕೇಳಿಸಿತು.