ಸುಳಿ ಎಣಿಸುವ ಕೆಲಸ

ನನ್ನ ಮೊಮ್ಮಗಳು ರೂಪಾಳಿಗೆ ಕೆಲಸ ಸಿಕ್ಕಿತು! ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ, ಪೈಪಿನೊಳಗೆ ಹರಿಯುವ ನೀರು ಅಳೆಯುವ ಮೀಟರುಗಳನ್ನು ಪರೀಕ್ಷಿಸುವ ಕೆಲಸ.

ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಅವಳು ಮೊದಲ ದಿನ ಹೊರಡುವಾಗ ಬಿಡಿಸಿ ಹೇಳಿದಳು: "ಪೈಪಿನ ಮಧ್ಯೆ ಒಂದು ಗೂಟ ಇರತ್ತೆ ಅಜ್ಜಿ. ನೀರು ಅದಕ್ಕೆ ಬಡಿದು, ಅದರ ಹಿಂದೆ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ ಸುಳಿ ಏಳತ್ತೆ. ನೀರು ಜೋರಾದಷ್ಟೂ ಸುಳಿ ಬೇಗಬೇಗ. ಮೀಟರು ಅದನ್ನ ಎಣಿಸಿ ಎಷ್ಟು ನೀರು ಹೋಯ್ತು ಅಂತ ಹೇಳತ್ತೆ." ಇಷ್ಟು ಹೇಳಿ ಬಸ್ಸಿಗೆ ಓಡಿದಳು.

ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಮೇಲೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ಉಣ್ಣುವವರು. ಕೆಸರೆಯ ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಫೋನು ಮಾಡೋಣವೆಂದರೆ ಆಗಿನ್ನೂ ನಮ್ಮನೆಗೆ ಫೋನು ಬಂದಿರಲಿಲ್ಲ. ಸಂತೋಷವನ್ನು ತುಳಸಿಗೆ ಹೇಳಿದೆ. ಮಿಕ್ಸಿಗೆ ಹೇಳಿದೆ. ಮಿಕ್ಸಿಯಾದರೂ ಗುರ್ ಎಂದಿತು.

ಕೊನೆಗೆ ಕಾಂಪೌಂಡಿನಾಚೆ ಪಕ್ಕದ ಮನೆ ನಂಜಮ್ಮ ಸಿಕ್ಕಳು.

"ನಮ್ ರೂಪಂಗೆ ಫ್ಯಾಕ್ಟ್ರೀಲಿ ಕೆಲ್ಸ ಆಯ್ತು ಕಣೆ. ಸುಳಿ ಎಣ್ಸೋದು."

"ಸುಳಿ ನೋಡಕ್ಕೂ ಫ್ಯಾಕ್ಟ್ರಿ ಮಾಡವ್ರಾ? ಇರಿ ಅಕ್ಕ, ಬಂದೆ."

ಬಂದಳು. ಜೊತೆಗೆ ಅವಳ ತಮ್ಮ ಬಂದ. ತಮ್ಮನ ಜೊತೆಗೆ ಅವನು ಕೊಳ್ಳಬೇಕೆಂದಿದ್ದ ಹಸು ಬಂತು.

"ಬೆನ್ನ ಮೇಲಿನ ಕೂದ್ಲ ಸುಳಿ ಒಳ್ಳೇದಾ ಕೆಟ್ಟದ್ದಾ, ನಿಮ್ ಮೊಮ್ಮಗಳು ಹೇಳ್ಬುಟ್ರೆ ಸಾಕು ಕಣಮ್ಮ" ಎಂದ ತಮ್ಮ.

ಅವಳು ಎಣಿಸುವುದು ನೀರಿನ ಸುಳಿ ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಹಸು ಸಮೇತ ಹೊರಟುಬಿಡುತ್ತಾರೆ. ಮನೆಗೆ ಜನ ಬಂದು ಎಷ್ಟು ಕಾಲವಾಗಿತ್ತು! ಆದಕಾರಣ, "ಸಾಯಂಕಾಲ ಬತ್ತಾಳೆ, ಕೂತ್ಕೊಳ್ಳಿ" ಎಂದು ಅಪ್ಪಣೆ ಕೊಡಿಸಿ ಕಾಫಿಗಿಟ್ಟೆ. ಅವರು ಎದ್ದಾಗಲೆಲ್ಲ ಇನ್ನೊಂದು ಲೋಟ. ಹಸುವಿಗೆ ಕಾಫಿ ಅಭ್ಯಾಸವಿರಲಿಲ್ಲ; ಸೊಸೆಯ ದಾಸವಾಳ ತಿಂದಿತು.

ಅದು ಒಣಗಲು ಹಾಕಿದ್ದ ಸೀರೆಗೂ ಬಾಯಿ ಹಾಕುವ ಹೊತ್ತಿಗೆ ಸೊಸೆ ಗೇಟು ತೆಗೆದಳು. ಮೊದಲ ದಿನವೆಂದು ಮಗನೂ ಬೇಗ ಬಂದಿದ್ದ, ಹಿಂದೆಯೇ ರೂಪಾ. ತಮ್ಮ ಹಸುವಿನ ಬೆನ್ನನ್ನು ಅವಳ ಕಡೆಗೆ ತಿರುಗಿಸಿ ಸುಳಿ ತೋರಿಸಿದ.

"ನಾನು ನೋಡೋದು ನೀರಿನ ಸುಳಿ ಕಣ್ರೀ" ಎಂದಳು ರೂಪಾ.

ನಂಜಮ್ಮ ನನ್ನ ಕಡೆ ತಿರುಗಿದಳು. "ನಿಮ್ಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು ಕಣೆ. ಹೇಳಿದ್ರೆ ನೀವು ಹೊಂಟೋಗ್ತಿದ್ರಿ."

ಯಾರೂ ನಗಲಿಲ್ಲ. ಹಸುವಿನ ಹಗ್ಗ ಬಿಚ್ಚುತ್ತಿದ್ದ ತಮ್ಮ ಅದನ್ನು ಮತ್ತೆ ಕಟ್ಟಿದ. ಸೊಸೆ ದಾಸವಾಳದ ಬೋಳು ಕಡ್ಡಿ ನೋಡಿದಳು, ನನ್ನನ್ನು ನೋಡಿದಳು. "ಅಕ್ಕಿ ಜಾಸ್ತಿ ಹಾಕ್ತೀನಿ. ಎಲ್ರೂ ಊಟ ಮಾಡ್ಕೊಂಡೇ ಹೋಗಿ."

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಹುಳಿ ಬಡಿಸಲು ಬಗ್ಗಿದೆ. ನೆಲದ ಮೇಲೆ ತಟ್ಟೆ ಒಂದೇ! ದಿನದ ಅಭ್ಯಾಸದಲ್ಲಿ ನಾನೇ ಹಾಕಿದ್ದು.

"ನಾವೇನು ಹಸು ಜೊತೆ ಮೇಯ್ಬೇಕಾ ಅಮ್ಮ?" ಎಂದ ಮಗ.

ತಟ್ಟೆಗಳು ಬಂದವು, ಎಲ್ಲರೂ ಒಟ್ಟಿಗೆ ಉಂಡೆವು. ಎಣಿಸುವ ಕೆಲಸಕ್ಕೆ ಫ್ಯಾಕ್ಟರಿಯವರು ನನ್ನನ್ನು ಕರೆಯದೆ ರೂಪಾಳನ್ನು ಕರೆದದ್ದು ಸರಿಯಾಗಿಯೇ ಇದೆ.