ನಾಲ್ಕು ಚಕ್ರಗಳನ್ನೂ ಮೂರಿಂಚು ಹೊರಗೆ ನಿಲ್ಲಿಸಿದ ಮಹನೀಯರಿಗೆ

ಚಿತ್ರದುರ್ಗದ ಬೈಪಾಸ್ ಪಕ್ಕದಲ್ಲಿ ಕುಳಿತು ಬಡ ಪಿಕಪ್ ಗಾಡಿಗಳಿಗೆ ಹೊಸ ಮೈಕಟ್ಟು ಕರುಣಿಸುತ್ತಿರುವ ಶ್ರೀಮಾನ್ ಪ್ರಸನ್ನಕುಮಾರ್ ಅವರ ಸನ್ನಿಧಿಗೆ, ಶ್ರೀರಾಂಪುರ ಹೋಬಳಿಯಲ್ಲಿ ಕುರಿ ಸಾಗಿಸುವ ಪಿಕಪ್ಪಿನ ಚಾಲಕಿ ದೀಪಾ ಮಾಡುವ ಅರಿಕೆ. ತಾವೂ ತಮ್ಮ ಮಳಿಗೆಯ ಬಣ್ಣದ ದೀಪಗಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮಾವ ಜುಂಜಪ್ಪನವರ ಹೆಗಲ ಮೂಳೆಯೊಂದನ್ನು ಬಿಟ್ಟರೆ ಇಲ್ಲಿಯೂ ಎಲ್ಲ ಕ್ಷೇಮ.

ಮಾನ್ಯರೇ,

ನಾನು ತಮ್ಮ ನೆನಪಿನಲ್ಲಿರಲಾರೆ, ಏಕೆಂದರೆ ತಾವು ನನ್ನ ಕಡೆ ನೋಡಲೇ ಇಲ್ಲ. ಟೈರು ಕೂರುವ ಕಬ್ಬಿಣದ ಡಿಸ್ಕುಗಳಲ್ಲಿ ಎರಡು ಸೀಳಿದ್ದವು. ಅದೇ ಅಳತೆಯ ಬೇರೆ ಎರಡು ಬೇಕೆಂದು ಕೇಳಿಕೊಂಡು ಬಂದಿದ್ದೆ. ಗಾಡಿಯ ಕೀಲಿ ನನ್ನ ಕೈಯಲ್ಲಿತ್ತು, ಪ್ರಶ್ನೆ ನನ್ನ ಬಾಯಲ್ಲಿತ್ತು, ಆದರೂ ತಾವು ಉತ್ತರಗಳನ್ನೆಲ್ಲ ನನ್ನ ಗಂಡ ಜುಂಜೇಶ್‌ಗೆ ಹೇಳಿದಿರಿ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಹಳೆಯ ಡಿಸ್ಕಿನ ಒಳಗೆ ಅಚ್ಚೊತ್ತಿದ್ದ ಆಫ್‌ಸೆಟ್ ಸಂಖ್ಯೆಯನ್ನು ತೋರಿಸಿ, ಹೊಸದರಲ್ಲಿ ಎಷ್ಟಿದೆಯೆಂದು ನಾನು ಎರಡು ಸಲ ಕೇಳಿದಾಗ, ತಾವು ಅವರ ಭುಜ ತಟ್ಟಿ ಕೊಟ್ಟ ಉಪದೇಶವನ್ನು ಬರೆದಿಟ್ಟುಕೊಂಡಿದ್ದೇನೆ: "ಬೋಲ್ಟ್ ಕುಂತ್ರೆ ಮುಗೀತು ಬಿಡಣ್ಣ. ಅಗ್ಲ ಇದ್ದಷ್ಟೂ ಗಾಡಿ ಗಟ್ಟಿ ನಿಲ್ತೈತೆ."

ಎರಡು ಕೇಳಿದವರಿಗೆ ನಾಲ್ಕು ಕೊಟ್ಟ ತಮ್ಮ ಧಾರಾಳತನಕ್ಕೆ ನಾನು ಋಣಿ. ಗಾಡಿ ನಿಜಕ್ಕೂ ಕುಸ್ತಿಪಟುವಿನಂತೆ ಕಾಲಗಲಿಸಿ ನಿಂತಿತು. ಸ್ಟೇರಿಂಗ್ ಹೊರಳಿಸಿದರೆ ಮುಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು, ಸಣ್ಣ ಗುಂಡಿಗೂ ಸ್ಟೇರಿಂಗ್ ಕೈ ಕಿತ್ತುಕೊಳ್ಳುತ್ತಿತ್ತು. ಫೋನಿನಲ್ಲಿ ವಿಚಾರಿಸಿದಾಗ ಹೊಸತರಲ್ಲಿ ಹಾಗೇ, ಓಡುತ್ತ ಓಡುತ್ತ ಹೊಂದಿಕೊಳ್ಳುತ್ತದೆ ಎಂದಿರಿ. ಕಬ್ಬಿಣಕ್ಕೂ ಹೊಸ ಸೊಸೆಯ ಗುಣವಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಹತ್ತು ದಿನಗಳ ನಂತರ ಮಂದೆ ಹೊರಟಿತು. ಕೊಯ್ಲಾದ ಗದ್ದೆಗಳಲ್ಲಿ ಕುರಿ ತಂಗಿಸಲು ನಮ್ಮವರು ಪ್ರತಿವರ್ಷ ನಡೆದೇ ಹೋಗುತ್ತಾರೆ. ನಡೆಯಲಾರದ ಹಸಿ ಮರಿಗಳನ್ನೂ ಅವುಗಳ ತಾಯಂದಿರನ್ನೂ ನಾನು ಗಾಡಿಯಲ್ಲಿ ಒಯ್ಯುತ್ತೇನೆ. ಆ ಬೆಳಿಗ್ಗೆ ಅತ್ತೆ ಚಿತ್ತಮ್ಮ ನನ್ನ ಪಕ್ಕದಲ್ಲಿದ್ದರು. ಕುರಿಗಳು ಮರಿಗಳನ್ನು ತುಳಿಯದಂತೆ ಮಾವ ಹಿಂದೆ ನಿಂತಿದ್ದರು. ರಾಮಗಿರಿ ದಾಟಿದ ಮೇಲಿನ ತಿರುವಿನಲ್ಲಿ, ಲೋಡಿಗೆ ಕುಗ್ಗಿದ್ದ ಬಾಡಿ ಎಡಕ್ಕೆ ವಾಲಿತು. ಹೊರಗೆ ಚಾಚಿಕೊಂಡಿದ್ದ ಹಿಂದಿನ ಟೈರಿನ ಮೇಲೆ ಅದರ ತಗಡಿನ ಅಂಚು ಕೂತು ಟೈರನ್ನು ಸೀಳಿತು. ಗಾಡಿ ಜಾರಿ ರಸ್ತೆ ಬದಿಯ ಚರಂಡಿಗೆ ಇಳಿದು ನಿಂತಿತು. ಅತ್ತೆಯನ್ನು ಇಳಿಸಿ ನಾನು ಹಿಂದಕ್ಕೆ ಓಡಿದಾಗ ಮಾವ ಮರಿಯೊಂದನ್ನು ಎದೆಗವುಚಿಕೊಂಡು, ಬಲಗೈ ಎತ್ತಲಾರದೆ ಬಿದ್ದಿದ್ದರು. "ನಂದಿರ್ಲಿ ಕಣವ್ವ, ಮೊದ್ಲು ಮರಿ ನೋಡು," ಎಂದರು. ಮರಿಗಳೆಲ್ಲ ಉಳಿದವು. ಒಂದು ತಾಯಿಕುರಿ ಉಳಿಯಲಿಲ್ಲ.

ತಮ್ಮ ಸಂತಾಪವನ್ನೂ ತಾವು ಜುಂಜೇಶ್‌ಗೇ ತಿಳಿಸಿದಿರಿ: ಲೋಡು ಜಾಸ್ತಿಯಾಗಿತ್ತು, ಮೇಲಾಗಿ ಹೆಂಗಸಿನ ಕೈಯಲ್ಲಿ ಗಾಡಿ. ನಾನೂ ಮೂರು ದಿನ ಅದನ್ನೇ ನಂಬಿದೆ. ಆಸ್ಪತ್ರೆಯಲ್ಲಿ ಮಾವನಿಗೆ ಅನ್ನ ತಿನ್ನಿಸುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ನಾಲ್ಕನೆಯ ದಿನ ಹೊಸದುರ್ಗದ ಗ್ಯಾರೇಜಿನ ಸಣ್ಣಪ್ಪನವರು ಹಳೆಯ ಡಿಸ್ಕನ್ನೂ ತಾವು ಕೊಟ್ಟ ಡಿಸ್ಕನ್ನೂ ನೆಲದ ಮೇಲೆ ಬೋರಲು ಹಾಕಿ, ಎರಡರ ಬಾಯಿಗೂ ಒಂದೊಂದು ನೇರ ಕೋಲು ಅಡ್ಡ ಇಟ್ಟು, ಕೋಲಿನಿಂದ ಬೋಲ್ಟ್ ಕೂರುವ ತಟ್ಟೆಯವರೆಗೆ ಟೇಪು ಇಳಿಸಿದರು. ಹಳೆಯದರಲ್ಲಿ ಐದು ಇಂಚು. ಎರಡು ಇಂಚು ಹೆಚ್ಚು ಅಗಲವಿದ್ದ ತಮ್ಮದರಲ್ಲಿ ನಾಲ್ಕೂ ಇಲ್ಲ.

"ಇದೇ ಬ್ಯಾಕ್‌ಸ್ಪೇಸು ಕಣಮ್ಮ," ಎಂದರು. "ಇದು ಕಮ್ಮಿಯಾದ್ರೆ ಚಕ್ರ ಹೊರಗೆ ಬರ್ತೈತೆ. ತಟ್ಟೆ ಡಿಸ್ಕಿನ ಅಗಲದ ನಟ್ಟನಡುವಿಂದ ಎಷ್ಟು ಸರಿದೈತೆ ಅನ್ನೋದೇ ಆಫ್‌ಸೆಟ್ಟು. ಹೊರಗಡೀಕೆ ಸರಿದ್ರೆ ಚಕ್ರ ಗಾಡಿ ಒಳಗೆ ಕುಂತ್ಕಳ್ತೈತೆ, ಒಳಗಡೀಕೆ ಸರಿದ್ರೆ ಆಚೆಗೆ. ನಿಂದು ಮೂರಿಂಚಿಗೂ ಮೇಲೆ ಆಚೆಗೈತೆ. ನೀನು ಓಡ್ಸಿದ್ದು ತಪ್ಪಲ್ಲ."

ಆ ಕೊನೆಯ ಮಾತು ಕೇಳಿ ನಾನು ಗ್ಯಾರೇಜಿನ ಎಣ್ಣೆ ನೆಲದ ಮೇಲೆಯೇ ಕೂತು ಅತ್ತುಬಿಟ್ಟೆನೆಂಬುದನ್ನು, ತಮ್ಮ ಮನರಂಜನೆಗೆಂದು, ಇಲ್ಲಿ ದಾಖಲಿಸುತ್ತೇನೆ.

ಒಂದು ಕೋಲು, ಒಂದು ಟೇಪು, ಎರಡು ನಿಮಿಷ. ತಮ್ಮಂಥ ಪಂಡಿತರು ಇಂಥ ಕ್ಷುಲ್ಲಕಗಳಿಗೆ ಇಳಿಯಬಾರದೆಂಬುದು ನನಗೂ ಒಪ್ಪಿಗೆ. ಆದ್ದರಿಂದ ತಮ್ಮ ಘನತೆಗೆ ತಕ್ಕ ಬೇಡಿಕೆಗಳನ್ನೇ ಮುಂದಿಡುತ್ತೇನೆ. ರಾಮಗಿರಿಯ ತಿರುವನ್ನು ತಾವು ದಯವಿಟ್ಟು ನೇರ ಮಾಡಿಸಬೇಕು. ಎಡ ತಿರುವಿನಲ್ಲಿ ಎಡಕ್ಕೆ, ಬಲ ತಿರುವಿನಲ್ಲಿ ಬಲಕ್ಕೆ ಒರಗಿ ನಿಲ್ಲುವುದನ್ನು ನಮ್ಮ ಕುರಿಗಳಿಗೆ ತಾವೇ ಕಲಿಸಬೇಕು. ಮಾವ ತಮ್ಮ ಹನ್ನೆರಡನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪದೆ ಮಂದೆಯೊಂದಿಗೆ ಹೋದವರು. ಈ ವರ್ಷ ಜುಂಜೇಶ್ ಒಬ್ಬರೇ ಹೋಗಿದ್ದಾರೆ, ಮಾವ ಖಾಲಿ ಹಟ್ಟಿಯ ಮುಂದೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂರುತ್ತಾರೆ. ಈ ಒಂದು ಸುಗ್ಗಿಯನ್ನು ಅವರಿಗೆ ವಾಪಸ್ ಕೊಡಿಸಬೇಕು. ಬೋಲ್ಟ್ ಕೂತರೆ ಎಲ್ಲ ಮುಗಿಯುತ್ತದೆಂದು ತಿಳಿದ ತಮಗೆ ಇದೇನು ಮಹಾ.

ತಮ್ಮ ಡಿಸ್ಕುಗಳನ್ನು ಬಿಚ್ಚಿಸಿ, ಸಣ್ಣಪ್ಪನವರು ಹುಡುಕಿಕೊಟ್ಟ ಸರಿ ಅಳತೆಯವನ್ನು ಹಾಕಿಸಿದ್ದೇನೆ. ನಿನ್ನೆ ಅದೇ ತಿರುವಿನಲ್ಲಿ ಒಂದು ಗಾಡಿ ಕುರಿ ದಾಟಿಸಿದೆ. ಅತ್ತೆ ಹಟ ಹಿಡಿದು ಪಕ್ಕದಲ್ಲೇ ಕೂತಿದ್ದರು.

ತಮ್ಮ ಅಗಲವಾದ ಕೀರ್ತಿ ಇನ್ನೂ ಮೂರಿಂಚು ಹೊರಗೆ ಚಾಚಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ದೀಪಾ

ಮರೆತಿದ್ದು: ಮೊನ್ನೆ ಹೊಳಲ್ಕೆರೆಯ ಚೇತನ್‌ಕುಮಾರ್ ಎಂಬುವರು ಸಣ್ಣಪ್ಪನವರ ಗ್ಯಾರೇಜಿಗೆ ಬಂದು, ಬೈಪಾಸಿನ ತಮ್ಮ ಮಳಿಗೆಯಲ್ಲೇ ಹಾಕಿಸಿದ್ದ ನಾಲ್ಕು ಡಿಸ್ಕುಗಳನ್ನು ಆ ಹೊತ್ತಿಗೆ ಅಲ್ಲಿದ್ದ ನನ್ನಿಂದ ಅಳೆಸಿ, ಅಲ್ಲೇ ಬಿಚ್ಚಿಸಿ ಹೋದರು. ತಾವು ಅವರ ಸ್ವಂತ ಅಕ್ಕನ ಗಂಡನಂತೆ. ಭಾವನಿಗೆ ಮಾತ್ರ ಹೇಳಬೇಡಿ ಎಂದು ಕೈ ಮುಗಿದರು. ತಮಗೆ ಮಾತ್ರ ಹೇಳಿದರೆ ಮಾತಿಗೆ ತಪ್ಪಿದಂತಾಗುತ್ತದೆಂದು ಪತ್ರವನ್ನು ಬಹಿರಂಗವಾಗಿಯೇ ಬರೆದಿದ್ದೇನೆ.